ಹೆಸರಿನ ಎಲ್ಲೆ

ಒಂದೇ ಶಬ್ದವು ಎಲ್ಲೆಡೆಯೂ ಒಂದೇ ಅರ್ಥವನ್ನು ಕೊಡಬೇಕೆಂಬ ನಿಯಮವಿಲ್ಲ. ಲೋಕದಲ್ಲಿ 'ವೃದ್ಧಿ'ಯೆಂದರೆ ಏಳಿಗೆ. ಪಾಣಿನಿಯ ಶಾಸ್ತ್ರದೊಳಗೆ ಅದು ಆ, ಐ, ಔ ಎಂಬ ಮೂರು ಸ್ವರಗಳ ಸಂಜ್ಞೆ. ಶಾಸ್ತ್ರದ ಹೊರಗೆ ಬಂದೊಡನೆ ಲೋಕಾರ್ಥವು ಮರಳಿ ತಲೆಯೆತ್ತುತ್ತದೆ. ಭಟ್ಕಳದ ಸಮೀಪದ ಹಾಡುವಳ್ಳಿಯ ಜೈನಮಠದ ಅಕಲಂಕದೇವನ ಶಿಷ್ಯನೆಂದು ಹೇಳಲ್ಪಡುವ ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿದನು. ಇಂತಹ ಸೂತ್ರಗಳನ್ನು ಓದಿದವರಿಗೆ ಸಂಜ್ಞೆಗೆ ಎಲ್ಲೆಯುಂಟೆಂಬುದು ವಿದಿತವೇ ಇದೆ.

ಇಂದಿನ ಮಕ್ಕಳು ಕಲಿಯುವ ಗಣಕಭಾಷೆಗಳಲ್ಲಿಯೂ ಈ ವಿಚಾರವೇ ಉಂಟು. ಗಿಡೊ ವಾನ್ ರಾಸಮ್ ಎಂಬವರು 1991ರಲ್ಲಿ ಹೊರತಂದ 'ಪೈಥಾನ್' ಭಾಷೆಯು ಹೆಸರೊಂದು ಕಂಡಾಗ ಅದರ ಅರ್ಥವನ್ನು ನಾಲ್ಕು ಕಡೆ ಕ್ರಮವಾಗಿ ಅರಸುತ್ತದೆ: ಮೊದಲು ಆ ಫಂಕ್ಷನ್ನಿನೊಳಗೆ, ಬಳಿಕ ಅದನ್ನು ಸುತ್ತುವರಿದ ಫಂಕ್ಷನ್ನಿನಲ್ಲಿ, ಅನಂತರ ಇಡೀ ಕಡತದಲ್ಲಿ, ಕಟ್ಟಕಡೆಗೆ ಭಾಷೆಗೆ ಹುಟ್ಟಿನಿಂದ ಬಂದ ಹೆಸರುಗಳ ಭಂಡಾರದಲ್ಲಿ. ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಶೋಧವು ನಿಲ್ಲುತ್ತದೆ.

ಕೂಡಿಸುವ ಕೆಲಸಕ್ಕೆ 'ಸಮ್' ಎಂಬುದು ಭಂಡಾರದ ಹೆಸರು. ಅಡಿಕೆಯ ತೂಕದ ಲೆಕ್ಕ ಬರೆಯುವ ಹುಡುಗನು ಬಂದ ಮೊತ್ತಕ್ಕೇ 'ಸಮ್' ಎಂದು ಹೆಸರಿಟ್ಟನೆನ್ನೋಣ. ಭಾಷೆಯು ತಡೆಯದು, ಎಚ್ಚರಿಸದು. ಮರುಸಲ ಕೂಡಿಸಲು ಹೊರಟಾಗ ಮಾತ್ರ, ಇದು ಬರಿಯ ಸಂಖ್ಯೆ, ಕೆಲಸ ಮಾಡಲಾರದು ಎಂಬ ದೋಷವು ತೋರುತ್ತದೆ. ಹಳೆಯ 'ಸಮ್' ನಾಶವಾಗಿಲ್ಲ, ಮರೆಯಾಗಿದೆಯಷ್ಟೆ. ತಾನಿಟ್ಟ ಹೆಸರನ್ನು ಅಳಿಸಿದರೆ ಅದು ಪುನಃ ಕಾಣುವುದು. ಇನ್ನೊಂದು ಸೂಕ್ಷ್ಮವುಂಟು. ಫಂಕ್ಷನ್ನಿನ ಕೊನೆಯ ಸಾಲಿನಲ್ಲಿ ಆ ಹೆಸರಿಗೆ ಬೆಲೆ ಕೊಟ್ಟರೂ ಮೊದಲ ಸಾಲಿನಿಂದಲೇ ಅದು ಅಲ್ಲಿಯ ಸ್ವಂತದ್ದೆನಿಸುತ್ತದೆ. ಆದಕಾರಣ ಬೆಲೆ ಬರುವ ಮೊದಲೇ ಬಳಸಿದರೆ ಭಂಡಾರದತ್ತ ನೋಡದೆ ಕೆಲಸವು ಅಲ್ಲಿಯೇ ನಿಲ್ಲುತ್ತದೆ.

ದೋಷವು ತೋರಿದರೆ ಅದು ಉಪಕಾರವೇ ಸರಿ. ಅದೇ ಹೆಸರಿನಲ್ಲಿ ಬೇರೊಂದು ಬಗೆಯ ಕೂಡಿಕೆಯನ್ನು ಬರೆದಿಟ್ಟರೆ ದೋಷವೂ ಕಾಣದು. ತಪ್ಪು ಮೊತ್ತವು ಸದ್ದಿಲ್ಲದೆ ಲೆಕ್ಕಪುಸ್ತಕವನ್ನು ಸೇರುವುದು, ಬೆಳೆಗಾರನ ಹಣವು ಕಡಿಮೆಯಾಗುವುದು.

ಪೈಥಾನಿನ ಎರಡನೆಯ ಆವೃತ್ತಿಯಲ್ಲಿ ಸತ್ಯ, ಅಸತ್ಯಗಳನ್ನು ಸೂಚಿಸುವ 'ಟ್ರೂ', 'ಫಾಲ್ಸ್' ಎಂಬವೂ ಭಂಡಾರದ ಸಾಮಾನ್ಯ ಹೆಸರುಗಳೇ ಆಗಿದ್ದವು. ಸತ್ಯದ ಹೆಸರನ್ನು ಅಸತ್ಯಕ್ಕೆ ಇಡಬಹುದಾಗಿತ್ತು. 2008ರ ಮೂರನೆಯ ಆವೃತ್ತಿಯು ಅವೆರಡನ್ನೂ ಯಾರೂ ಬದಲಿಸಲಾಗದ ಪದಗಳನ್ನಾಗಿ ಮಾಡಿತು. ಮಿಕ್ಕ ಬಹುಪಾಲು ಹೆಸರುಗಳ ಕಾವಲು ಇಂದಿಗೂ ಬರೆಯುವವನ ವಿವೇಕಕ್ಕೇ ಸೇರಿದೆ. ಮಕ್ಕಳಿಗೆ ಲೆಕ್ಕವನ್ನು ಕಲಿಸುವ ಮೊದಲು ಹೆಸರಿಡುವುದನ್ನು ಕಲಿಸುವುದು ಲೇಸು.