ಲೋಟ ಸೋಮವಾರಕ್ಕೆ
ಗಂಟೆಗೆ 10 ನಿಮಿಷ ಜಾಹೀರಾತು, 2 ನಿಮಿಷ ಚಾನೆಲ್ಲಿನ ಸ್ವಂತ ತುತ್ತೂರಿ, ಇಷ್ಟು ಮೀರಬಾರದು ಅಂತ ಕೇಬಲ್ ಟಿವಿ ನಿಯಮಗಳಲ್ಲೇ ಇದೆ. ಸರಿ, ಧಾರಾವಾಹಿಯೊಳಗೇ ಅತ್ತೆ ನಿಂತು ಸೊಸೆಗೆ ಸಾಂಬಾರ್ ಪುಡಿ ಬ್ರ್ಯಾಂಡಿನ ಗುಣಗಾನ ಮಾಡ್ತಾಳಲ್ಲ, ಅದು ಯಾವ ಲೆಕ್ಕಕ್ಕೋ! ಇನ್ನು ಕಥೆಗೆ ಬಂದರೆ, ವಿಷ ಬೆರೆಸಿದ ಹಾಲಿನ ಲೋಟ ತುಟಿಯವರೆಗೆ ಬಂತು. ಮನೆಮಂದಿಯ ಮುಖವೆಲ್ಲ ಮೂರು ಮೂರು ಸಲ, ಢಣ್ ಢಣ್ ಢಣ್. ಕುಡಿಯೋದು ಮಾತ್ರ ಸೋಮವಾರಕ್ಕೆ.

ಸೋಮವಾರ ಆಫೀಸಿನ ಆನ್‌ಲೈನ್ ಮೀಟಿಂಗಲ್ಲೂ ಅದೇ. ಮೊದಲು ಹಿಂದಿನ ಸಂಚಿಕೆಯ ಮರುಪ್ರಸಾರ, ಆಮೇಲೆ ಒಬ್ಬೊಬ್ಬರದೇ ಮುಖ, ‘ನನ್ನ ಧ್ವನಿ ಕೇಳಿಸ್ತಿದೆಯಾ?’, ತೀರ್ಮಾನ ಮುಂದಿನ ವಾರಕ್ಕೆ. ಟಿವಿಯಾದರೆ ಬ್ರೇಕಿನಲ್ಲಿ ಎದ್ದುಹೋಗಿ ಒಲೆ ಮೇಲಿನ ಸಾರನ್ನಾದರೂ ನೋಡಿಬರಬಹುದು. ಇಲ್ಲಿ ಅದಕ್ಕೂ ಕಲ್ಲು: ಕ್ಯಾಮೆರಾ ಆನ್ ಇರಲೇಬೇಕಂತೆ, ಬೆಳಗ್ಗೆಯೇ ಮೇಲ್ ಬಂದಿದೆ.