ಉದ್ರಿ ಪುಸ್ತಕದ ಲೆಕ್ಕ

ಬೆಂಗಳೂರಿನಲ್ಲಿ ದಿನಸಿ ಮನೆಗೇ ಬರುವುದು ಹೊಸ ಸಂಗತಿಯಲ್ಲ. ಅಂಗಡಿಗೆ ಫೋನ್ ಮಾಡಿ ಪಟ್ಟಿ ಓದಿದರೆ ಸಾಕಿತ್ತು, ಸಂಜೆಯೊಳಗೆ ಹುಡುಗನೊಬ್ಬ ಸೈಕಲ್ಲಿಗೆ ಚೀಲ ತೂಗುಹಾಕಿಕೊಂಡು ಬರುತ್ತಿದ್ದ. 2011ರಲ್ಲಿ ಇದೇ ಊರಿನಲ್ಲಿ ಬಿಗ್‌ಬ್ಯಾಸ್ಕೆಟ್ ಶುರುವಾದಾಗ ಆ ಪಟ್ಟಿ ಕಂಪ್ಯೂಟರಿಗೆ ಹೋಯಿತು. ಈಗ ಮೊಬೈಲಿಗೆ ಬಂದಿದೆ. ಸಂಜೆಯವರೆಗಿನ ಕಾಯುವಿಕೆ ಹತ್ತಿಪ್ಪತ್ತು ನಿಮಿಷಕ್ಕೆ ಇಳಿದಿದೆ.

ಈ ಅನುಕೂಲವನ್ನು ಹಳಿಯಲು ನನಗೆ ಮನಸ್ಸು ಬಾರದು. ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ ಮಂಡಿನೋವಿನಿಂದ ಒದ್ದಾಡುವ ಅಜ್ಜಿಗೆ, ಕೂಸು ಬಿಟ್ಟು ಏಳಲಾಗದ ಬಾಣಂತಿಗೆ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸಿಗೆ ಬಾಗಿಲಿಗೇ ಬರುವ ಹಾಲು, ಅಕ್ಕಿ ದೊಡ್ಡ ಆಸರೆ.

ಇದಕ್ಕೆ ನಾವು ತೆರುವ ಬೆಲೆಯಲ್ಲಿ ಒಂದಿಷ್ಟು ಬಿಲ್ಲಿನಲ್ಲೇ ಕಾಣುತ್ತದೆ: ಡೆಲಿವರಿ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕ, ಮಳೆ ಬಂದರೆ ಮತ್ತಷ್ಟು. ಶುಲ್ಕ ಉಳಿಸಲೆಂದು ಬುಟ್ಟಿಗೆ ಸೇರಿಸಿದ ಬೇಡದ ಬಿಸ್ಕತ್ತೂ ಖರ್ಚೇ. ಕಾಣದ ಬೆಲೆ ಬೀದಿಯಲ್ಲಿದೆ. ಗಿರಾಕಿಗಳಿಗೆ ಪ್ರವೇಶವಿಲ್ಲದ ಪುಟ್ಟ ಗೋದಾಮುಗಳು ಬಡಾವಣೆಗಳ ನಡುವೆಯೇ ಎದ್ದಿವೆ. ಅಲ್ಲಿ ಚೀಲ ತುಂಬಲು ಒಂದೆರಡು ನಿಮಿಷ ಸಾಕು; ಉಳಿದದ್ದೆಲ್ಲ ರಸ್ತೆಯ ಪಾಡು. ಸ್ಕೂಟರ್ ಹುಡುಗನಿಗೆ ಸಿಗುವುದು ಒಂದೊಂದು ಆರ್ಡರಿಗೆ ಇಷ್ಟು ಎಂಬ ಲೆಕ್ಕದ ದುಡ್ಡು. ಹಾಗಾಗಿ ಯಾರೂ ಅವಸರಪಡಿಸದಿದ್ದರೂ ಕೂಲಿಯೇ ಅವನನ್ನು ಓಡಿಸುತ್ತದೆ. ಹೀಗೆ ಆರ್ಡರ್ ಲೆಕ್ಕದಲ್ಲಿ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿತು. ಅವರಿಗೆ ಸಲ್ಲುವ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂಬ ಏರ್ಪಾಡು ಅದರಲ್ಲಿದೆ. ಆ ಹಣ ಅವರ ಕೈಸೇರಲಿ ಎಂಬುದು ನನ್ನ ಮನದಾಳದ ಹಾರೈಕೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಲೆಕ್ಕ. ನಮ್ಮ ಬೀದಿಯ ದಿನಸಿ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಉದ್ದನೆಯ ಪುಸ್ತಕವೊಂದಿದೆ. ಅರ್ಧ ಕೆಜಿ ತೊಗರಿಬೇಳೆ, ಕಾಲು ಲೀಟರ್ ಎಣ್ಣೆ, ಐವತ್ತು ಗ್ರಾಂ ಜೀರಿಗೆ, ಒಂದು ಸೋಪು – ಹೀಗೆ ಸಾಲುಸಾಲು. ದುಡ್ಡು ಬಂದ ಕಡೆ ಅಡ್ಡಗೀಟು. "ಒಂದನೇ ತಾರೀಕು ಕೊಡ್ತೀನಿ ಅಣ್ಣ" ಎಂದರೆ ಸಾಕು, ಮನೆಗೆಲಸದ ಹೆಂಗಸಿಗೂ ಗಾರೆ ಕೆಲಸದವನಿಗೂ ಸಾಮಾನು ಸಿಗುತ್ತದೆ. ಆಧಾರ ಕೇಳುವವರಿಲ್ಲ, ಬಡ್ಡಿಯಿಲ್ಲ.

ಅಂಗಡಿಯವರಿಗೆ ಈ ಉದ್ರಿ ಕೊಡಲು ಶಕ್ತಿ ಬರುವುದು ತಿಂಗಳ ಸಾಮಾನನ್ನು ಒಟ್ಟಿಗೆ ಕೊಂಡು ನಗದು ಎಣಿಸುವ ನಮ್ಮಂಥವರಿಂದ. ನಾವು ಆ್ಯಪಿಗೆ ಹೊರಳಿಕೊಂಡರೆ ಅವರ ಕೈ ಬಿಗಿಯಾಗುತ್ತದೆ. ಕೈ ಬಿಗಿಯಾದರೆ ಮೊದಲು ನಿಲ್ಲುವುದೇ ಉದ್ರಿ. ನಮ್ಮ ಅನುಕೂಲದ ಬೆಲೆಯನ್ನು, ಆ ಆ್ಯಪನ್ನು ಎಂದೂ ತೆರೆಯದ ಮನೆ ತೆರುತ್ತದೆ. ಊರಿಗೆ ಹೊಸದಾಗಿ ದುಡಿಯಲು ಬಂದವರನ್ನು ಬ್ಯಾಂಕಿಗಿಂತ ಮೊದಲು ನಂಬಿದ್ದು ಇಂಥ ಅಂಗಡಿಗಳು.

ಅಜ್ಜಿಗೂ ಬಾಣಂತಿಗೂ ಆ್ಯಪ್ ಒದಗಲಿ. ನಡೆಯಬಲ್ಲವರು, ಕಾಯಬಲ್ಲವರು ತಿಂಗಳ ಅಕ್ಕಿ, ಬೇಳೆ, ಎಣ್ಣೆಯ ಪಟ್ಟಿಯನ್ನು ಬೀದಿಯ ಅಂಗಡಿಗೇ ಕೊಡೋಣ. ಸಂಜೆಯೊಳಗೆ ತಲುಪಿದರೆ ಸಾಕು ಎನ್ನೋಣ. ನಾಲ್ಕು ಕಾಸು ಹೆಚ್ಚಾದರೂ ಆಗಲಿ. ಆ ಹಣ ಇದೇ ಬೀದಿಯಲ್ಲಿ ಇನ್ನೊಂದು ಮನೆಯ ತಿಂಗಳ ಕೊನೆಯನ್ನು ದಾಟಿಸುತ್ತದೆ.