ಎಲೆ ಹಂಚುವ ಮೊದಲು

ಇಸ್ಪೀಟಿನಲ್ಲಿ ಸೋತವರು ಎಲೆಯನ್ನು ಬೈಯುವುದು ರೂಢಿ. ನಾನು ನಡೆಸಿದ ಪಂದ್ಯಾವಳಿಯಲ್ಲಿ ಸೋತವರು ನನ್ನನ್ನು ಬೈದರು. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕೊರೊನಾದಿಂದಾಗಿ 2021ರ ಜನವರಿ 14ರಿಂದ ಒಂಟಾರಿಯೊದಲ್ಲಿ ಅಗತ್ಯವಿಲ್ಲದೆ ಮನೆ ಬಿಟ್ಟು ಕದಲಬಾರದೆಂಬ ಆದೇಶ ಜಾರಿಗೆ ಬಂತು. ಹೊರಗೆ ಹಿಮ, ಒಳಗೆ ಬೇಸರ. ಬ್ರಾಂಪ್ಟನ್, ಮಿಸಿಸಾಗಾ, ಮಿಲ್ಟನ್, ಸ್ಕಾರ್ಬರೋ ಎಂದು ಟೊರಾಂಟೊ ಸುತ್ತ ಚದುರಿಹೋಗಿರುವ ನಮ್ಮ ಕಾಸರಗೋಡು, ಮಂಗಳೂರು ಕಡೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ದಿನ ಇಪ್ಪತ್ತೆಂಟು ಆಟದ ಮಾತೆದ್ದಿತು. ಮೊಬೈಲಿನಲ್ಲಿ ಆಡೋಣ, ಶನಿವಾರ ಸಂಜೆ ಕೂರೋಣ, ಗೆದ್ದ ಜೋಡಿಗೆ ಟಿಮ್ ಹಾರ್ಟನ್ಸ್‌ನ 50 ಡಾಲರ್ ಗಿಫ್ಟ್ ಕಾರ್ಡ್ ಕೊಡೋಣ ಎಂದಾಯಿತು. ಹದಿನಾರು ಜೋಡಿ ಹೆಸರು ಕೊಟ್ಟವು. ನಡೆಸುವ ಕೆಲಸ ನಾನೇ ಹೊತ್ತುಕೊಂಡೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಏಳರಿಂದ ಎಕ್ಕದವರೆಗಿನ 32 ಎಲೆ, ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಯರಿಗೆ ಸೊನ್ನೆ. ಎಲ್ಲ ಸೇರಿ 28. ಮೊದಲು ನಾಲ್ಕೇ ಎಲೆ ಕೈಗೆ ಬರುತ್ತವೆ. ಅಷ್ಟು ನೋಡಿಯೇ ಹದಿನಾಲ್ಕಕ್ಕೆ ಕಡಿಮೆಯಿಲ್ಲದಂತೆ ಕೂಗಿ, ತುರುಪನ್ನು ಬಚ್ಚಿಡಬೇಕು. ಉಳಿದ ನಾಲ್ಕು ಆಮೇಲೆ. ಸ್ಕಾರ್ಬರೋದ ತಮಿಳು ಗೆಳೆಯರು ಆಡುವ 304 ಇದರದೇ ದಾಯಾದಿ. ಅಲ್ಲೂ ಗುಲಾಮನೇ ದೊಡ್ಡವನು. ಬುದ್ಧಿ ಬೇಕು, ನೆನಪು ಬೇಕು, ಜೊತೆಗಾರನ ಮನಸ್ಸು ತಿಳಿಯಬೇಕು. ಆದರೂ ನಾಲ್ಕು ಹಂಚಿಕೆ ಕೆಟ್ಟ ಎಲೆ ಬಿದ್ದರೆ ಎಂಥ ಜಾಣನೂ ಕೈಚೆಲ್ಲಬೇಕಾದ ಆಟ.

ಹೀಗಿದ್ದೂ ನಾನು ಒಂದು ಪಂದ್ಯಕ್ಕೆ ನಾಲ್ಕೇ ಹಂಚಿಕೆ ಇಟ್ಟೆ. ಸೋತವರು ಹೊರಗೆ ಎಂಬ ನಾಕೌಟ್ ಮಾಡಿದೆ. ಊರಿನ ವಾಲಿಬಾಲ್, ಕಬಡ್ಡಿ ಪಂದ್ಯಾಟಗಳಲ್ಲಿ ನೋಡಿದ್ದು ಅದೊಂದೇ. ಹದಿನೈದು ಪಂದ್ಯಕ್ಕೆ ಮುಗಿಯುತ್ತದೆ, ಹತ್ತು ಗಂಟೆಗೆ ಮಲಗಬಹುದು ಎಂದು ಲೆಕ್ಕ ಹಾಕಿದ್ದೆ.

ಮೊದಲ ಸುತ್ತಿನಲ್ಲೇ ಸ್ಕಾರ್ಬರೋದ ಹಿರಿಯರೊಬ್ಬರು ಸೋತರು. ನಾವೆಲ್ಲ ಅವರನ್ನು ಮಾವ ಎಂದೇ ಕರೆಯುವುದು. ನಮ್ಮಲ್ಲಿ ಅರ್ಧ ಜನಕ್ಕೆ ಇಪ್ಪತ್ತೆಂಟು ಕಲಿಸಿದವರು. "ಇಷ್ಟಕ್ಕೇ ಮುಗೀತಾ ಮಾರಾಯ? ಇದಕ್ಕೆ ನಾನು ಮಧ್ಯಾಹ್ನದಿಂದ ಫೋನು ಚಾರ್ಜಿಗಿಟ್ಟು ಕೂತದ್ದು!" ಎಂದರು. ನಗುತ್ತಲೇ ಅಂದದ್ದು, ನನಗೆ ಮಾತ್ರ ಚುಚ್ಚಿತು. ಕೂಡಲೇ ಗುಂಪಿನಲ್ಲಿ ಬರೆದೆ: ಸೋತವರಿಗೆ ಇನ್ನೊಂದು ಅವಕಾಶ ಉಂಟು, ಎರಡು ಸಲ ಸೋತರೆ ಮಾತ್ರ ಹೊರಗೆ.

ಸೋತದ್ದು ಮಾವ ಅಲ್ಲದೆ ಬೇರೆ ಯಾರೋ ಹುಡುಗರಾಗಿದ್ದರೆ ಆ ನಿಯಮ ನನಗೆ ಹೊಳೆಯುತ್ತಲೇ ಇರಲಿಲ್ಲ. ಈ ಬರಹದಲ್ಲಿ ಒಪ್ಪಿಕೊಳ್ಳಬೇಕಾದದ್ದು ಮುಖ್ಯವಾಗಿ ಅದನ್ನೇ.

ಅಷ್ಟರಲ್ಲಿ ಸೋತ ಎರಡು ಜೋಡಿ ಫೋನು ಆಫ್ ಮಾಡಿ ಮಲಗಿಯಾಗಿತ್ತು. ಎಚ್ಚರವಿದ್ದವರಿಗೆ ಎರಡನೇ ಅವಕಾಶ ಸಿಕ್ಕಿತು, ಮಲಗಿದವರಿಗೆ ಇಲ್ಲ. ಪಂದ್ಯಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬ್ರಾಂಪ್ಟನ್‌ನ ಒಬ್ಬರಿಗೆ ನೆಟ್ ಹೋಯಿತು, ಮತ್ತೆ ಆಡಿಸಿದೆ. ಇನ್ನೊಬ್ಬರಿಗೆ ಹೋದಾಗ ಹೊತ್ತಾಯಿತೆಂದು ಆಡಿಸಲಿಲ್ಲ. ಒಂದೇ ಸೋಫಾದಲ್ಲಿ ಕೂತ ಗಂಡ ಹೆಂಡತಿ ಜೋಡಿಯಾಗಿ ಆಡುವುದು ಸರಿಯೇ ಎಂದು ಒಬ್ಬರು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಫೈನಲ್ ಶುರುವಾಗುವಾಗ ರಾತ್ರಿ ಒಂದು ದಾಟಿತ್ತು. ಒಂದು ಕಡೆ ಮಾವನ ಜೋಡಿ, ಇನ್ನೊಂದು ಕಡೆ ಅಲ್ಲಿಯವರೆಗೆ ಒಂದೂ ಸೋಲದ ಮಿಲ್ಟನ್‌ನ ಇಬ್ಬರು ಹುಡುಗರು. ಮಾವ ಗೆದ್ದರು. ಗುಂಪಿನ ತುಂಬ ಚಪ್ಪಾಳೆ. ಆಗ ಹುಡುಗರಲ್ಲೊಬ್ಬ ಕೇಳಿದ: "ಅಣ್ಣ, ಎರಡು ಸಲ ಸೋತರೆ ಹೊರಗೆ ಅಂದಿರಿ. ನಾವು ಸೋತದ್ದು ಇದೇ ಮೊದಲ ಸಲ. ಅವರೂ ಒಂದೇ ಸಲ ಸೋತದ್ದು. ಹಾಗಾದರೆ ಬಹುಮಾನ ಅವರಿಗೆ ಹೇಗೆ?"

ಅವನ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಎರಡು ಸೋಲಿನ ಪದ್ಧತಿಯಲ್ಲಿ ಸೋಲದೆ ಬಂದವರು ಫೈನಲ್‌ನಲ್ಲಿ ಸೋತರೆ ಇನ್ನೊಂದು ಫೈನಲ್ ಆಡಿಸಲೇಬೇಕು. ಇಲ್ಲದಿದ್ದರೆ ಎಲ್ಲರಿಗೂ ಕೊಟ್ಟ ಎರಡನೇ ಅವಕಾಶ ಅವರೊಬ್ಬರಿಗೇ ಇಲ್ಲದಂತಾಗುತ್ತದೆ. ನಾನು "ಹೊತ್ತಾಯಿತಲ್ಲ ತಮ್ಮಾ, ಮೋಜಿಗೆ ಆಡಿದ್ದು" ಎಂದೆ. ಬೆಳಗ್ಗೆ ನೋಡಿದರೆ ಇಬ್ಬರೂ ಗುಂಪು ಬಿಟ್ಟಿದ್ದರು.

ಮೋಜಿಗೆ ಆಡಿದ್ದು ಎನ್ನುವುದು ನಡೆಸುವವನಿಗೆ ಸುಲಭದ ಮಾತು. ಮೋಜಿಗಾಗಿಯಾದರೂ ಸಂಜೆ ಆರರಿಂದ ರಾತ್ರಿ ಒಂದರವರೆಗೆ ಕೂತವನಿಗೆ ಅದು ಉತ್ತರವಲ್ಲ.

ಆಮೇಲೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಒಂದು ಜೋಡಿ ಎಷ್ಟು ಚೆನ್ನಾಗಿ ಆಡುತ್ತದೆಂದರೆ ಯಾರೇ ಎದುರಿಗಿದ್ದರೂ ನೂರಕ್ಕೆ 60 ಪಂದ್ಯ ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ. ಹದಿನಾರು ಜೋಡಿಯ ನಾಕೌಟಿನಲ್ಲಿ ನಾಲ್ಕೂ ಪಂದ್ಯ ಗೆದ್ದು ಅದು ಬಹುಮಾನ ಪಡೆಯುವ ಸಾಧ್ಯತೆ ನೂರಕ್ಕೆ 13 ಮಾತ್ರ. ಪ್ರತಿ ಸುತ್ತಿನಲ್ಲೂ ಮೂರರಲ್ಲಿ ಎರಡು ಗೆಲ್ಲಬೇಕೆಂದು ಮಾಡಿದರೂ 18ರ ಹತ್ತಿರ ಬರುತ್ತದೆ, ಅಷ್ಟೆ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಭಾರತದ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಇಪ್ಪತ್ತೆಂಟೂ ಹಾಗೆಯೇ ಎಂದು ವಾದಿಸಬಹುದು. ಆದರೆ ಕೌಶಲ ಕಣ್ಣಿಗೆ ಕಾಣಬೇಕಾದರೆ ಬಹಳ ಹಂಚಿಕೆಗಳು ಬೇಕು. ಒಂದು ಸಂಜೆಯಲ್ಲಿ ಅತ್ಯುತ್ತಮರನ್ನು ಆರಿಸುತ್ತೇನೆಂದು ಹೊರಟದ್ದೇ ಹುಸಿ.

ಅದೃಷ್ಟವನ್ನೇ ಕಟ್ಟಿಹಾಕುವ ಉಪಾಯ ಬ್ರಿಜ್ ಆಟಗಾರರ ಹತ್ತಿರ ಇದೆ. ಅವರ ಡೂಪ್ಲಿಕೇಟ್ ಪದ್ಧತಿಯಲ್ಲಿ ಒಂದೇ ಹಂಚಿಕೆಯನ್ನು ಬೇರೆ ಬೇರೆ ಮೇಜಿನವರು ಆಡುತ್ತಾರೆ. ಅದೇ ಎಲೆಯಲ್ಲಿ ಯಾರು ಹೆಚ್ಚು ಗಳಿಸಿದರು ಎಂಬುದೇ ಹೋಲಿಕೆ. 2017 ಮತ್ತು 2024ರಲ್ಲಿ ಉತ್ತರ ಅಮೆರಿಕದ ಬ್ರಿಜ್ ಚಾಂಪಿಯನ್‌ಶಿಪ್ ಟೊರಾಂಟೊದಲ್ಲೇ ನಡೆದದ್ದೂ ಈ ಬಗೆಯ ಆಟದಲ್ಲೇ. ನಮ್ಮ ಆ್ಯಪ್‌ಗೆ ಒಂದೇ ಹಂಚಿಕೆಯನ್ನು ಎರಡು ಮೇಜಿಗೆ ಕೊಡಲು ಬರುತ್ತಿರಲಿಲ್ಲ. ಹಾಗಾಗಿ ಅದನ್ನು ಕೈಬಿಟ್ಟೆ.

ನಮಗೆ ಒಗ್ಗಿದ್ದು ಚೆಸ್‌ನವರ ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು. ಇದರಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಸಮ ಗೆಲುವಿನವರು ಎದುರಾಗುತ್ತಾರೆ, ಒಮ್ಮೆ ಆಡಿದವರು ಮತ್ತೆ ಆಡುವುದಿಲ್ಲ. ಹದಿನಾರು ಜೋಡಿಗೆ ನಾಲ್ಕು ಸುತ್ತಾದರೆ ಸೋಲದೆ ಉಳಿಯುವುದು ಒಂದೇ ಜೋಡಿ. ನಾಕೌಟಿಗೂ ನಾಲ್ಕೇ ಸುತ್ತು! ಪಂದ್ಯ 15ರ ಬದಲು 32 ಆಗುತ್ತದೆ, ಆದರೆ ಎಂಟು ಮೇಜೂ ಏಕಕಾಲಕ್ಕೆ ನಡೆಯುವುದರಿಂದ ಹೊತ್ತು ಅಷ್ಟೇ. ನಾಕೌಟ್ ಹೊಂದುವುದು ಒಂದೇ ಅಂಕಣಕ್ಕೆ ಹತ್ತಾರು ತಂಡ ಕಾಯುವ ಕಡೆಗೆ. ಮೇಜಿಗೆ ಬಾಡಿಗೆಯೇ ಇಲ್ಲದ ಆನ್‌ಲೈನ್‌ನಲ್ಲಿ ನಾನು ಅರ್ಧ ಜನರನ್ನು ಸುಮ್ಮನೆ ಮನೆಗೆ ಕಳಿಸಿದ್ದೆ. ಅವರು ಇದ್ದದ್ದೇ ಮನೆಯಲ್ಲಿ, ಬಂದದ್ದೇ ಜೊತೆ ಬೇಕೆಂದು.

ಮುಂದಿನ ಚಳಿಗಾಲದಲ್ಲಿ ಸ್ವಿಸ್ ಮಾಡಿದೆವು. ಪಂದ್ಯಕ್ಕೆ ಎಂಟು ಹಂಚಿಕೆ, ಅಂದರೆ ಪ್ರತಿಯೊಬ್ಬರೂ ಎರಡೆರಡು ಸಲ ಹಂಚಿದಂತೆ. ಮಾವನ ಜೋಡಿ ಎರಡು ಗೆದ್ದು ಎರಡು ಸೋತಿತು, ಕೊನೆಯ ಸುತ್ತಿನವರೆಗೂ ಆಡಿತು. ತಕರಾರು ಬರಲಿಲ್ಲ. ಮಿಲ್ಟನ್ ಹುಡುಗರಿಗೆ ಫೋನು ಮಾಡಿ ಕ್ಷಮೆ ಕೇಳಿದ್ದೆ. ಪರವಾಗಿಲ್ಲ ಅಣ್ಣ ಅಂದರು, ಆಟಕ್ಕೆ ಬರಲಿಲ್ಲ.

ಯುಗಾದಿಗೋ ರಾಜ್ಯೋತ್ಸವಕ್ಕೋ ಇಂಥದ್ದನ್ನು ನಡೆಸಲು ಹೊರಟವರಿಗೆ ನನ್ನದೊಂದು ಕೋರಿಕೆ. ಎಷ್ಟು ಹಂಚಿಕೆ, ಎಷ್ಟು ಸುತ್ತು, ಸಮವಾದರೆ ಏನು, ನೆಟ್ ಹೋದರೆ ಎಷ್ಟು ನಿಮಿಷ ಕಾಯುವುದು, ಒಂದೇ ಮನೆಯವರು ಜೋಡಿಯಾಗಬಹುದೇ, ಇಷ್ಟನ್ನು ಮೊದಲ ಎಲೆ ಬೀಳುವ ಮುಂಚೆ ಬರೆದು ಎಲ್ಲರಿಗೂ ಕಳಿಸಿ. ಆಮೇಲೆ ಅದರಲ್ಲಿ ಲೋಪ ಕಂಡರೂ ಅವತ್ತು ತಿದ್ದಬೇಡಿ, ಮುಂದಿನ ಸಲಕ್ಕೆ ತಿದ್ದಿ. ನಡುವೆ ಬದಲಾದ ನಿಯಮ ಎಷ್ಟೇ ಒಳ್ಳೆಯದಾಗಿರಲಿ, ಅದು ಯಾರೋ ಒಬ್ಬರ ಮುಖ ನೋಡಿ ಮಾಡಿದ್ದೇ ಆಗಿರುತ್ತದೆ.